ಹೆಪ್ಪು ಉಜ್ಜಿದ ರೆಕ್ಕೆ

ಟೋಲ್ಟಾನ, ಯೂಕಾನ್ ನದಿದಂಡೆ
12 ಅಕ್ಟೋಬರ್ 1983

ವಿನ್ನಿ,

ನಾನು ಚೆನ್ನಾಗಿದ್ದೇನೆ, ನನ್ನ ಸೊಂಟ ಚೆನ್ನಾಗಿಲ್ಲ, ಇಬ್ಬರಿಗೂ ನಿನ್ನ ಮೇಲೆ ಕೋಪ ಬಂದಿದೆ. ಈ ಕಾಗದವನ್ನು ಟಪಾಲು ಚೀಲದಲ್ಲಿ ಹಾಕಿ ನಿನ್ನ ಕೈಗೇ ಕೊಡುತ್ತಾರೆ. ನೀನೇ ಫೇರ್‌ಬ್ಯಾಂಕ್ಸ್‌ವರೆಗೆ ಹೊತ್ತುಕೊಂಡು ಹೋಗಿ ನೀನೇ ಬಿಡಿಸಿ ಓದಬೇಕು. ವಾರಕ್ಕೆರಡು ಸಲ ನೀನು ಟಪಾಲು ವಿಮಾನ ಹಾರಿಸಿಕೊಂಡು ಬಂದು ಇಲ್ಲಿ ಇಳಿಯುತ್ತೀಯ, ನಿಜ. ಆದರೆ ಇಂಜಿನ್ ತಣ್ಣಗಾಗುತ್ತದೆ ಎಂದು ಕಾಲು ನೆಲಕ್ಕೆ ಊರುವ ಮೊದಲೇ ಮತ್ತೆ ಹತ್ತುತ್ತೀಯ. ಅಷ್ಟು ಹೊತ್ತಿನಲ್ಲಿ ಊರವರೆಲ್ಲ ಸುತ್ತ ನಿಂತಿರುವಾಗ ಮಗಳನ್ನು ಬೈಯುವುದು ನನಗೆ ಬರುವುದಿಲ್ಲ.

ಮೊನ್ನೆ ನೀನು ಬಂದಾಗ ಮಧ್ಯಾಹ್ನ ದಾಟಿತ್ತು. ಅಂಗಡಿ ಹ್ಯಾರಿಸನ್ ಬೆಳಿಗ್ಗೆಯಿಂದ ಸ್ಲೆಡ್ಜ್ ಕಟ್ಟಿಕೊಂಡು ಕಾದು ಕಾದು, ಎಲ್ಲರ ಮುಂದೆ ನನ್ನನ್ನು ಕೇಳಿದ: "ಏನಪ್ಪಾ ಅಂಬ್ರೋಸ್, ನಿನ್ ಮಗಳು ರೆಕ್ಕೆಗೆ ಸ್ನಾನ ಮಾಡಿಸಿ, ತಲೆ ಬಾಚಿ, ಆಮೇಲೆ ಕರ್ಕೊಂಡು ಬರ್ತಾಳಂತೆ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ನಿಂತಿತು.

ರಾತ್ರಿ ರೆಕ್ಕೆಯ ಮೇಲೆ ಕೂರುವ ಮಂಜಿನ ಹೆಪ್ಪು ಅಂದರೆ ಏನೆಂದು ನನಗೆ ಗೊತ್ತಿಲ್ಲವೇ? ಈ ನದಿಯ ಮೇಲೆ ನನ್ನ ಅರ್ಧ ಆಯುಷ್ಯ ಹಾರಿದ್ದೇನೆ. ಬೆಳಿಗ್ಗೆ ರೆಕ್ಕೆ ಬೆಳ್ಳಗಿದ್ದರೆ ಹಳೆಯ ಉಣ್ಣೆಯ ಕಾಲುಚೀಲ ಕೈಗೆ ಹಾಕಿಕೊಂಡು ಗಾಜಿನ ಹಾಗೆ ಹೊಳೆಯುವವರೆಗೆ ಉಜ್ಜು. ನುಣುಪಾದರೆ ಸಾಕು, ಪೂರ್ತಿ ಕೀಳಬೇಕಾಗಿಲ್ಲ. ನನ್ನ ಕಾಲದವರೆಲ್ಲ ಹಾಗೇ ಮಾಡಿದೆವು, ಈಗಲೂ ನಿಮ್ಮ ಕಂಪನಿಯ ಇನ್ನೊಬ್ಬ ಪೈಲಟ್ ರೋಲಂಡ್ ಹಾಗೇ ಮಾಡುತ್ತಾನೆ. ಅವನಿಗೆ ಹೇಳಿಕೊಟ್ಟವನು ನಾನು. ಸೋಮವಾರದ ಟಪಾಲು ಅವನು ತರುತ್ತಾನೆ, ಅದು ಬೆಳಗಿನ ಕಾಫಿಗೇ ಬರುತ್ತದೆ.

ನವೆಂಬರ್ 26ಕ್ಕೆ ನಿನ್ನ ಅಮ್ಮನ ನೆನಪಿನ ಊಟ. ಪೆಲಾಜಿಯ ಹೋಗಿ ವರ್ಷವಾಗುತ್ತದೆ. ಮೂರು ಊರಿನವರಿಗೆ ಹೇಳಿಯಾಯಿತು, ಮೂಸ್ ಕಡವೆಯ ಮಾಂಸ ಒಣಗಿಸಿಯಾಯಿತು. ಅವಳ ಹಾಡನ್ನು ನಿನ್ನ ದೊಡ್ಡಮ್ಮ ಯುಲಾಲಿಯ ಕಟ್ಟಿದ್ದಾಳೆ, ಅದು ಅವಳೊಬ್ಬಳಿಗೇ ಬರುವುದು. ಹಾಡಿ ಕಳಿಸದಿದ್ದರೆ ನಿನ್ನ ಅಮ್ಮ ಇಲ್ಲೇ ಒಲೆಯ ಪಕ್ಕ ಸುಳಿದಾಡುತ್ತಿರುತ್ತಾಳೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಕಣ್ಣಿನ ಚಿಕಿತ್ಸೆಗೆಂದು ನಿನ್ನ ಹತ್ತಿರ ಬಂದಿರುವ ದೊಡ್ಡಮ್ಮನನ್ನು ಕರೆತರುವುದು ನಿನ್ನ ಕೆಲಸ. ರೆಕ್ಕೆಗೆ ಸ್ನಾನ ಮಾಡಿಸಿಕೊಂಡು ಕೂರಬೇಡ.

ಅಪ್ಪ


ಫೇರ್‌ಬ್ಯಾಂಕ್ಸ್
17 ಅಕ್ಟೋಬರ್ 1983

ಅಪ್ಪಾ,

ನಿನ್ನ ಬೈಗುಳವನ್ನು ಸುರಕ್ಷಿತವಾಗಿ ಹೊತ್ತು ತಂದೆ. ಒದ್ದೆಯಾಗಲಿಲ್ಲ, ಹರಿಯಲಿಲ್ಲ.

ನೀನು ಹೇಳಿದ ಕಾಲುಚೀಲದ ಕಥೆ ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ನಾನೇ ನಿನ್ನ ಎಡಗಡೆಯ ರೆಕ್ಕೆ ಉಜ್ಜಿದ್ದೇನೆ. ಆದರೆ ಅಪ್ಪಾ, ಉಜ್ಜಿದರೆ ಹೆಪ್ಪು ಹೋಗುವುದಿಲ್ಲ, ಕಣ್ಣಿಗೆ ಕಾಣುವುದು ನಿಲ್ಲುತ್ತದೆ. ರೆಕ್ಕೆಯನ್ನು ಎತ್ತಿ ಹಿಡಿಯುವುದು ಅದರ ಮೇಲೆ ಜಾರಿಹೋಗುವ ಗಾಳಿ. ಆ ಗಾಳಿಗೆ ಮರಳು ಕಾಗದದಷ್ಟು ಒರಟು ಸಿಕ್ಕಿದರೂ ಸಾಕು, ಅದು ಮುಗ್ಗರಿಸುತ್ತದೆ. ಹೆಪ್ಪಿಗೆ ತೂಕ ಇಲ್ಲ ಎನ್ನುತ್ತೀರಲ್ಲ, ತೂಕದ ಮಾತೇ ಅಲ್ಲ ಇದು.

ತಡವಾಗುವುದು ನನ್ನ ಆಸೆಯಿಂದಲ್ಲ. ರೆಕ್ಕೆಯ ಮೇಲೆ ಹಗ್ಗ ಹಾಕಿ ಆಚೆ ಈಚೆ ಗರಗಸದ ಹಾಗೆ ಎಳೆದರೆ ಹೆಪ್ಪು ಬುಡಸಹಿತ ಏಳುತ್ತದೆ. ಅದಕ್ಕೆ ಎರಡು ಜನ ಬೇಕು. ಇಲ್ಲಿ ಹಗ್ಗದ ಇನ್ನೊಂದು ತುದಿ ಹಿಡಿಯಲು ಯಾರೂ ಬರುವುದಿಲ್ಲ, ನಾನೇ ಈ ಕಡೆಯಿಂದ ಆ ಕಡೆ ಓಡಬೇಕು. ಹೊದಿಸಲು ಬಟ್ಟೆ ಕೊಡಿಸಿ ಎಂದು ಯಜಮಾನ ವರ್ಜಿಲ್‌ನನ್ನು ಕೇಳಿದೆ. ನೋಡೋಣ ಎಂದ.

ಉಳಿದಂತೆ ಇಲ್ಲಿ ಎಲ್ಲ ಸರಿಯಾಗಿದೆ. ಕೆಲಸ ಚೆನ್ನಾಗಿದೆ. ವರ್ಜಿಲ್‌ಗೆ ನನ್ನ ಮೇಲೆ ನಂಬಿಕೆ ಇದೆ. ದೊಡ್ಡಮ್ಮನಿಗೆ ಕಣ್ಣಿನ ಆಪರೇಷನ್ ಆದಮೇಲೆ ಡಾಕ್ಟರು ಊರಿಗೆ ಹೊರಡಲು ಬಿಡುವುದು ಊಟದ ಹಿಂದಿನ ದಿನವೇ. ನಾನೇ ಕರೆತರುತ್ತೇನೆ, ಮಾತು ಕೊಡುತ್ತೇನೆ. ಹ್ಯಾರಿಸನ್‌ಗೆ ಹೇಳು, ಅವನ ತಲೆ ಬಾಚಲು ಕೂದಲಿದ್ದರೆ ಅವನಿಗೂ ಬಾಚಿಕೊಡುತ್ತೇನೆ.

ವಿನ್ನಿ


ಟೋಲ್ಟಾನ
3 ನವೆಂಬರ್ 1983

ವಿನ್ನಿ,

ಗಾಳಿ ಮುಗ್ಗರಿಸುತ್ತದಂತೆ! ನಿನ್ನ ಕಾಗದವನ್ನು ಮೂರು ಸಲ ಓದಿ ಒಲೆಗೆ ಹಾಕಬೇಕೆಂದೆ, ಕೊನೆಗೆ ಹಾಕಲಿಲ್ಲ.

ಗಾಳಿ ಮುಗ್ಗರಿಸುವುದಾದರೆ ನಾನು ಇಷ್ಟು ಹೊತ್ತಿಗೆ ನದಿಯ ತಳದಲ್ಲಿ ಮೀನುಗಳಿಗೆ ಪಾಠ ಹೇಳುತ್ತಿರಬೇಕಿತ್ತು. ಒಂದು ಸಲವೂ ಬೀಳಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? ಚಳಿಯ ಬೆಳಿಗ್ಗೆ ವಿಮಾನ ಸ್ವಲ್ಪ ನಡುಗಿ, ಗೊಣಗಿ ಏಳುತ್ತದೆ, ಒಪ್ಪುತ್ತೇನೆ. ನಾನೂ ಚಳಿಯಲ್ಲಿ ಹಾಗೇ ಏಳುತ್ತೇನೆ. ಚಕ್ರದ ಬದಲು ಹಾಕಿದ ಸ್ಕೀ ಹಲಗೆ ಹಿಮಕ್ಕೆ ಅಂಟಿಕೊಂಡಿರುತ್ತದೆ, ಇಂಜಿನ್‌ಗೆ ಇನ್ನೂ ನಿದ್ದೆ ಬಿಟ್ಟಿರುವುದಿಲ್ಲ. ಅದಕ್ಕೆ ರೆಕ್ಕೆಯನ್ನು ದೂರುವುದೇ?

ನಿನಗೆ ಧೈರ್ಯ ಕಡಿಮೆಯಾಗಿದೆ ಎಂದು ನನಗೆ ಅನುಮಾನ. ನಿನ್ನ ಅಮ್ಮ ಹೋದಮೇಲೆ ಎಲ್ಲದರಲ್ಲೂ ನಿನಗೆ ಸಾವು ಕಾಣುತ್ತಿದೆ. ಹೆದರಿಕೆ ಇದ್ದರೆ ಹೇಳು, ನಾಚಿಕೆ ಬೇಡ. ಇಲ್ಲದಿದ್ದರೆ 26ರ ಬೆಳಿಗ್ಗೆ ಬೆಳಕು ಹರಿಯುತ್ತಿದ್ದ ಹಾಗೆ ಹೊರಟು ಬಾ. ಮೂರು ಗಂಟೆಗೆಲ್ಲ ಇಲ್ಲಿ ಕತ್ತಲು, ನಮ್ಮ ಓಡುದಾರಿಗೆ ದೀಪವಿಲ್ಲ. ನಿನ್ನ ಸ್ನಾನದ ಶಾಸ್ತ್ರಕ್ಕೆ ಅವತ್ತು ಹೊತ್ತಿಲ್ಲ.

ಅಪ್ಪ


ಫೇರ್‌ಬ್ಯಾಂಕ್ಸ್
16 ನವೆಂಬರ್ 1983

ಅಪ್ಪಾ,

ಧೈರ್ಯದ ಮಾತಿಗೆ ಉತ್ತರ ಕೊಡುವುದಿಲ್ಲ, ಕೊಟ್ಟರೆ ಜಗಳವಾಗುತ್ತದೆ.

26ಕ್ಕೆ ಎಲ್ಲ ಏರ್ಪಾಡಾಗಿದೆ. ಹಿಂದಿನ ಸಂಜೆ ನನ್ನ ವಿಮಾನವನ್ನು ಬೆಚ್ಚಗಿನ ಶೆಡ್ಡಿನೊಳಗೆ ನಿಲ್ಲಿಸಲು ವರ್ಜಿಲ್‌ನನ್ನು ಬೇಡಿಕೊಂಡು ಒಪ್ಪಿಸಿದ್ದೇನೆ. ಒಳಗೆ ನಿಂತ ರೆಕ್ಕೆಗೆ ಹೆಪ್ಪು ಹಿಡಿಯುವ ಮಾತೇ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆ, ಹೊರಗೆ ಎಳೆ, ಹಾರು. ಹಗ್ಗವೂ ಬೇಡ, ನಿನ್ನ ಕಾಲುಚೀಲವೂ ಬೇಡ. ರೋಲಂಡ್ ಕೂಡ ಅವತ್ತೇ ಅತಿಥಿಗಳನ್ನು ಹತ್ತಿಸಿಕೊಂಡು ಬರುತ್ತಾನೆ, ಅವನಿಗಿಂತ ಮುಂಚೆ ನಾನು ಇಳಿದಿರುತ್ತೇನೆ, ನೋಡುತ್ತಿರು.

ದೊಡ್ಡಮ್ಮ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನನ್ನ ಕೋಣೆಯಲ್ಲಿ ಅಡ್ಡಾಡುತ್ತಾ ಗುನುಗುತ್ತಿರುತ್ತಾಳೆ. ನಾನು ಒಳಗೆ ಬಂದರೆ ನಿಲ್ಲಿಸುತ್ತಾಳೆ. ಊಟದ ಮೊದಲು ಮಗಳು ಕೇಳಿಸಿಕೊಳ್ಳಬಾರದಂತೆ. ಬಾಗಿಲ ಹೊರಗೆ ನಿಂತು ಸ್ವಲ್ಪ ಕೇಳಿಸಿಕೊಂಡೆ, ಅಮ್ಮ ಬೀವರ್ ತೊಗಲು ಕೆರೆಯುತ್ತಾ ನಿನ್ನನ್ನು ಅಣಕಿಸುತ್ತಿದ್ದುದು ಅದರಲ್ಲಿದೆ. ಅಲ್ಲೇ ಅತ್ತುಬಿಟ್ಟೆ.

ಬರುತ್ತೇವೆ.

ವಿನ್ನಿ


ಟೋಲ್ಟಾನ
28 ನವೆಂಬರ್ 1983

ವಿನಿಫ್ರೆಡ್,

ರೋಲಂಡ್ ಹನ್ನೊಂದು ಗಂಟೆಗೆ ಇಳಿದ. ಉಜ್ಜಿದ ರೆಕ್ಕೆಯ ಮೇಲೇ ಬಂದ. ಅವನ ವಿಮಾನದಲ್ಲಿ ಎರಡು ಸೀಟು ಖಾಲಿ ಇದ್ದವು. ಅದನ್ನು ನನ್ನ ಕಣ್ಣಾರೆ ನೋಡಿದೆ.

ನಿಮ್ಮಿಬ್ಬರಿಗಾಗಿ ಕತ್ತಲಾಗುವವರೆಗೆ ಓಡುದಾರಿಯ ಪಕ್ಕದಲ್ಲಿ ಸ್ಲೆಡ್ಜಿನ ಮೇಲೆ ಕೂತಿದ್ದೆ. ಆಮೇಲೆ ಎಬ್ಬಿಸಿ ಕರೆದುಕೊಂಡು ಹೋದರು. ಊಟವಾಯಿತು. ಕಂಬಳಿ, ಬಟ್ಟೆ, ಕೈಗವಸು ಎಲ್ಲ ಬಂದವರಿಗೆ ಹಂಚಿಯಾಯಿತು. ನಿನ್ನ ಅಮ್ಮನ ಹಾಡಿನ ಸರದಿ ಬಂದಾಗ ಡೋಲು ನಿಂತಿತು, ಎಲ್ಲರೂ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಹ್ಯಾರಿಸನ್ ಕೂಡ ಏನೂ ತಮಾಷೆ ಮಾಡಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ನಿನಗಾಗಿ ಇಷ್ಟು ಬರೆದದ್ದೇ ಹೆಚ್ಚು.

ಅಂಬ್ರೋಸ್


ಫೇರ್‌ಬ್ಯಾಂಕ್ಸ್
5 ಡಿಸೆಂಬರ್ 1983

ಅಪ್ಪಾ,

ನೀನು 'ಅಪ್ಪ' ಎಂದು ಬರೆಯಲಿಲ್ಲ. ಕಾಗದ ತಿರುಗಿಸಿಯೂ ನೋಡಿದೆ.

ನಡೆದದ್ದು ಹೇಳುತ್ತೇನೆ. ಶೆಡ್ಡಿನಿಂದ ಹೊರಗೆ ಎಳೆದಾಗ ರೆಕ್ಕೆ ಒಣಗಿತ್ತು, ಬೆಚ್ಚಗಿತ್ತು. ಹೊರಗೆ ಪುಡಿ ಹಿಮ ಉದುರುತ್ತಿತ್ತು. ದೊಡ್ಡಮ್ಮನನ್ನು ಹತ್ತಿಸಿ, ಸಾಮಾನು ಕಟ್ಟಿ ಬರುವಷ್ಟರಲ್ಲಿ ರೆಕ್ಕೆಯ ಮೇಲೆ ಬೆರಳು ದಪ್ಪ ಹಿಮ ಕೂತಿತ್ತು. ಪೊರಕೆಯಿಂದ ಗುಡಿಸಿದೆ, ಹತ್ತಿಯ ಹಾಗೆ ಹಾರಿಹೋಯಿತು. ಕೆಳಗೆ ಬಣ್ಣ ಹೊಳೆಯುತ್ತಿತ್ತು. ಎಲ್ಲರಿಗೂ ಅದು ಚೊಕ್ಕವಾದ ರೆಕ್ಕೆಯೇ. ಕೈಗವಸು ತೆಗೆದು ಬರಿಗೈ ಇಟ್ಟೆ. ಬಣ್ಣ ಕೈಗೆ ಸಿಗಲೇ ಇಲ್ಲ. ಮೊದಲು ಬಿದ್ದ ಹಿಮ ಬೆಚ್ಚಗಿನ ರೆಕ್ಕೆಯ ಮೇಲೆ ಕರಗಿ, ಚಳಿಗೆ ಮತ್ತೆ ಗಡ್ಡೆಯಾಗಿ, ರೆಕ್ಕೆಯ ಪೂರ್ತಿ ಗಾಜಿನ ತೊಗಲು ಬೆಳೆದಿತ್ತು. ಹೊರಗೇ ಚಳಿಯಲ್ಲಿ ಬಿಟ್ಟಿದ್ದರೆ ಹಿಮ ಒಣಗಿಯೇ ಇರುತ್ತಿತ್ತು, ಹೆಪ್ಪಿಗೆ ಹಗ್ಗ ಎಳೆದರೆ ಸಾಕಿತ್ತು. ನನ್ನ ಅತಿಬುದ್ಧಿಯೇ ನನಗೆ ಮುಳುವಾಯಿತು. ಮತ್ತೆ ಒಳಗೆ ತಳ್ಳಿ, ಕರಗಿಸಿ, ಒರೆಸಿ, ತಣಿಸುವಷ್ಟರಲ್ಲಿ ನಿನ್ನ ಓಡುದಾರಿಗೆ ಕತ್ತಲು ಬರುತ್ತಿತ್ತು.

ರೋಲಂಡ್‌ನ ಖಾಲಿ ಸೀಟು ನನಗೂ ಕಂಡಿತು. ದೊಡ್ಡಮ್ಮ ಅದರಲ್ಲಿ ಬರಲಿಲ್ಲ. ಅದಕ್ಕೆ ನನ್ನನ್ನೇ ಬೈದುಕೋ.

ಒಂದೇ ಒಂದು ಕೇಳುತ್ತೇನೆ. ರೋಲಂಡ್ ಹೊರಡುವಾಗ ಓಡುದಾರಿಯ ಪಕ್ಕದಲ್ಲಿ ನಿಂತು, ಸ್ಕೀ ನೆಲ ಬಿಡುವುದು ಎಲ್ಲಿ ಎಂದು ನೋಡು. ಹೆಪ್ಪು ಇಲ್ಲದ ದಿನ ಎಲ್ಲಿ, ಉಜ್ಜಿದ ದಿನ ಎಲ್ಲಿ. ನೀನು ಯಾವಾಗಲೂ ಒಳಗೆ ಕೂತಿದ್ದವನು. ಹೊರಗಿನಿಂದ ಒಮ್ಮೆಯೂ ನೋಡಿಲ್ಲ.

ವಿನ್ನಿ


ಟೋಲ್ಟಾನ
20 ಡಿಸೆಂಬರ್ 1983

ವಿನ್ನಿ,

ನೋಡುವುದಕ್ಕೆ ನನಗೆ ಬೇರೆ ಕೆಲಸವಿಲ್ಲವೇ ಎಂದು ಬರೆಯಲು ಕೂತೆ. ನಿಜವಾಗಿ ಬೇರೆ ಕೆಲಸವಿಲ್ಲ. ಊಟವಾದಾಗಿನಿಂದ ಮನೆಯಲ್ಲಿ ಕೂರಲು ಆಗುತ್ತಿಲ್ಲ. ಒಲೆಗೆ ಸೌದೆ ಹಾಕುತ್ತೇನೆ, ಎದ್ದು ಕಿಟಕಿಗೆ ಹೋಗುತ್ತೇನೆ, ಮತ್ತೆ ಒಲೆ. ನಿನ್ನ ಅಮ್ಮ ನನ್ನ ಹಿಂದೆ ಹಿಂದೆಯೇ ಓಡಾಡುತ್ತಾಳೆ ಅನ್ನಿಸುತ್ತದೆ.

ಅದಕ್ಕೇ ಹೋಗಿ ನೋಡಿದೆ, ನಿನ್ನ ಬಾಯಿ ಮುಚ್ಚಿಸಲು. ಮೋಡ ಕವಿದ, ಹೆಪ್ಪು ಇಲ್ಲದ ದಿನ ರೋಲಂಡ್ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲದ ಕಂಬದ ಹತ್ತಿರ ನೆಲ ಬಿಟ್ಟ. ಗುರುವಾರ ಉಜ್ಜಿಕೊಂಡು ಹೊರಟವನು ಕಂಬ ದಾಟಿ, ಎಣ್ಣೆ ಪೀಪಾಯಿಗಳನ್ನೂ ದಾಟಿ ಎದ್ದ. ಸಾಮಾನು ಹೆಚ್ಚಿತ್ತು ಅವತ್ತು, ಅಷ್ಟೇ.

ಮೂರು ವಾರದಿಂದ ಎಲ್ಲ ಟಪಾಲನ್ನೂ ರೋಲಂಡೇ ತರುತ್ತಿದ್ದಾನೆ. ನೀನು ಮುಖ ತೋರಿಸಲು ನಾಚಿ ಅವನ ಜೊತೆ ಸರದಿ ಬದಲಿಸಿಕೊಂಡಿದ್ದೀಯ. ನನಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ನಾಚಿಕೆಯಾಗಬೇಕಾದದ್ದೇ. ಆದರೂ ಬಂದು ಹೋಗು.

ಅಪ್ಪ


ಟೋಲ್ಟಾನ
6 ಜನವರಿ 1984

ವಿನ್ನಿ,

ಕ್ರಿಸ್‌ಮಸ್ಸಿಗೂ ಒಂದು ಸಾಲು ಬರಲಿಲ್ಲ. ಚೀಲದಲ್ಲಿ ನನ್ನ ಹೆಸರಿಗೆ ಬಂದದ್ದು ಬೀಜದ ಪಟ್ಟಿ ಒಂದೇ. ಇಲ್ಲಿ ಬೀಜ ಬಿತ್ತುವ ತಿಂಗಳೇ ಇದು!

ಇನ್ನೂ ನಾಲ್ಕು ಸಲ ನೋಡಿದೆ. ನಿನ್ನೆ ರೋಲಂಡ್ ಹೆಚ್ಚುಕಡಿಮೆ ಖಾಲಿ ಹೋದ, ಇಬ್ಬರು ಜನ, ಒಂದು ಚೀಲ. ಉಜ್ಜಿ ಉಜ್ಜಿ ರೆಕ್ಕೆ ಕನ್ನಡಿಯಾಗಿತ್ತು. ಪೀಪಾಯಿ ದಾಟಿತು, ಏಳಲಿಲ್ಲ. ಕೊನೆಯ ವಿಲೋ ಪೊದೆಗಳ ಹತ್ತಿರ ಎದ್ದು, ಒಂದು ರೆಕ್ಕೆ ಜೋತು, ಮತ್ತೆ ಸರಿಯಾಯಿತು. ಪೊದೆಯ ಮೇಲಿನ ಹಿಮ ಉದುರಿತು. ಸಾಮಾನಿನ ಭಾರ ಎನ್ನಲು ಸಾಮಾನೇ ಇರಲಿಲ್ಲ. ಪಕ್ಕದಲ್ಲಿ ನಿಂತವರೆಲ್ಲ ಕೈಬೀಸಿ ಮನೆಗೆ ಹೋದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ನಾನು ಒಳಗಿದ್ದಾಗ ಅದೇ ನಡುಕವನ್ನು ಚಳಿ ಎಂದುಕೊಂಡಿದ್ದೆ.

ಸಂಜೆ ಹ್ಯಾರಿಸನ್ ಅಂಗಡಿಯಲ್ಲಿ ಒಂದು ಮಾತು ಕಿವಿಗೆ ಬಿತ್ತು. ರೋಲಂಡ್ ಅವನಿಗೆ ಹೇಳಿದನಂತೆ: ವರ್ಜಿಲ್ ನಿನ್ನನ್ನು ಹಾರುವುದರಿಂದ ಇಳಿಸಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಲು ಹಾಕಿದ್ದಾನಂತೆ, ಊಟದ ಮರುದಿನದಿಂದಲೇ. ನಿಜವೇ? ನಿಜವಾದರೆ ನನಗೆ ಯಾಕೆ ಹೇಳಲಿಲ್ಲ?

ಅಪ್ಪ


ಫೇರ್‌ಬ್ಯಾಂಕ್ಸ್
15 ಜನವರಿ 1984

ಅಪ್ಪಾ,

ನಿಜ. ಹೇಳಿದ್ದರೆ ನೀನು ಏನು ಬರೆಯುತ್ತಿದ್ದೆ ಎಂದು ನನಗೆ ಗೊತ್ತಿತ್ತು. 'ಉಜ್ಜಿದ್ದರೆ ಹೀಗಾಗುತ್ತಿರಲಿಲ್ಲ' ಎನ್ನುತ್ತಿದ್ದೆ. ಆ ಒಂದು ವಾಕ್ಯವನ್ನು ನಿನ್ನ ಕೈಬರಹದಲ್ಲಿ ಓದುವ ಶಕ್ತಿ ನನಗಿರಲಿಲ್ಲ.

ಅಕ್ಟೋಬರಿನಲ್ಲೇ ವರ್ಜಿಲ್ ಎಚ್ಚರಿಕೆ ಕೊಟ್ಟಿದ್ದ. ಇನ್ನೊಂದು ಸಲ ತಡವಾದರೆ ವಿಮಾನವಿಲ್ಲ ಎಂದ. 26ರ ಬೆಳಿಗ್ಗೆ ಅವನು ಪಕ್ಕದಲ್ಲೇ ನಿಂತು, "ಎಲ್ಲಿದೆಯಮ್ಮ ಗಡ್ಡೆ? ನನಗಂತೂ ಕಾಣಿಸ್ತಿಲ್ಲ" ಎಂದ. ಕೈಯಿಟ್ಟು ನೋಡಿ ಎಂದೆ. ಕೈಗವಸು ತೆಗೆಯಲಿಲ್ಲ.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ದೊಡ್ಡಮ್ಮನಿಗೆ ರೋಲಂಡ್‌ನ ಸೀಟು ಬೇಡವೆಂದವಳು ನಾನಲ್ಲ. ಬೇಡವೆನ್ನಲು ನನಗೆ ಧೈರ್ಯ ಸಾಲದೆ ಹೋಗಿ ಬಾ ಎಂದುಬಿಟ್ಟಿದ್ದೆ. ನೀನು ಸ್ಲೆಡ್ಜಿನ ಮೇಲೆ ಕಾಯುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಅವಳು ಕೋಲೂರಿಕೊಂಡು ಹೋಗಿ ರೋಲಂಡ್ ಉಜ್ಜಿದ ರೆಕ್ಕೆಯನ್ನು ಸವರಿದಳು. ವಾಪಸು ಬಂದು ನನ್ನ ಪಕ್ಕ ಪೆಟ್ಟಿಗೆಯ ಮೇಲೆ ಕೂತಳು.

"ಹಾಡು ಇರೋದು ನನ್ನೊಬ್ಬಳ ಬಾಯಲ್ಲಿ ಕಣೇ. ನಾನು ಬಿದ್ರೆ ಪೆಲಾಜಿಯ ಇನ್ನೊಂದು ಸಲ ಸಾಯ್ತಾಳೆ. ತಡ ಆದ್ರೆ ಆಗ್ಲಿ ಬಿಡು, ಅವಳಿಗೇನು ಅವಸರ?"

ನಿನಗೆ ಅವಳ ಮೇಲೆ ಕೋಪ ಬರಬಾರದೆಂದು ಬರೆಯಲಿಲ್ಲ. ಈಗ ಬರೆದಿದ್ದೇನೆ. ಪೆಟ್ಟಿಗೆ ಎತ್ತಿ ಎತ್ತಿ ಕೈಗೆ ಬೊಬ್ಬೆ ಬಂದಿದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಬೆಳಿಗ್ಗೆ ರೋಲಂಡ್ ಉಜ್ಜುವುದನ್ನು ಗೋದಾಮಿನ ಬಾಗಿಲಿನಿಂದ ನೋಡುತ್ತೇನೆ. ಅವನು ಇಳಿದನೆಂದು ರೇಡಿಯೋದಲ್ಲಿ ಬರುವವರೆಗೆ ನನಗೆ ಕೆಲಸ ಸಾಗುವುದಿಲ್ಲ. ಅವನು ಪ್ರತಿ ಸಲವೂ ಇಳಿಯುತ್ತಾನೆ. ಎಲ್ಲರೂ ನನ್ನ ಕಡೆ ನೋಡಿ ನಗುತ್ತಾರೆ. ಅವನು ಇಳಿಯಲಿ ಎಂದೇ ಬೇಡಿಕೊಳ್ಳುತ್ತೇನೆ ಅಪ್ಪಾ, ಆದರೆ ಪ್ರತಿ ಸಲವೂ ಸೋಲುತ್ತೇನೆ.

ವಿನ್ನಿ


ಟೋಲ್ಟಾನ
2 ಫೆಬ್ರವರಿ 1984

ವಿನ್ನಿ,

ಈ ಸುದ್ದಿ ರೋಲಂಡ್ ಬಾಯಿಂದ ನಿನಗೆ ಮೊದಲೇ ತಲುಪಿರುತ್ತದೆ, ಅವನದೇ ಬಣ್ಣ ಹಚ್ಚಿಕೊಂಡು. ನನ್ನ ಬಾಯಿಂದಲೂ ಕೇಳು.

ಶುಕ್ರವಾರ ಮೋಡ ಕವಿದು ಅವನು ಇಲ್ಲೇ ಉಳಿದ. ಶನಿವಾರ ಆಕಾಶ ತಿಳಿಯಾಗಿ, ರೆಕ್ಕೆಯೆಲ್ಲ ತುಪ್ಪಳದ ಹಾಗೆ ಬೆಳ್ಳಗೆ. ಶಾಲೆಯ ಬ್ಯಾಸ್ಕೆಟ್‌ಬಾಲ್ ಹುಡುಗಿಯರು ಆರು ಜನ ಪಂದ್ಯಕ್ಕೆ ಹೊರಟಿದ್ದರು. ಊರೆಲ್ಲ ಕಳಿಸಲು ಬಂದಿತ್ತು. ರೋಲಂಡ್ ಕಾಲುಚೀಲ ಹಾಕಿಕೊಂಡು ಉಜ್ಜುತ್ತಿದ್ದ, ಚೆನ್ನಾಗಿಯೇ ಉಜ್ಜುತ್ತಾನೆ. ನಾನು ಹೋಗಿ ಕೈಯಿಟ್ಟು ನೋಡಿದೆ. ಪೂರ್ತಿ ಕಿತ್ತು ಹೋಗು ಅಂದೆ. ಹೊತ್ತಾಗುತ್ತದೆ, ಪಂದ್ಯ ತಪ್ಪುತ್ತದೆ ಎಂದು ನಕ್ಕ. ಹುಡುಗಿಯರನ್ನು ಹತ್ತಿಸಿದ.

ನಾನು ನನ್ನ ಮೋಟಾರಿನ ಹಿಮಬಂಡಿಯನ್ನು ಓಡಿಸಿಕೊಂಡು ಹೋಗಿ ಓಡುದಾರಿಗೆ ಅಡ್ಡ ನಿಲ್ಲಿಸಿ, ಅದರ ಮೇಲೆ ಕೂತೆ. ಬೀಗದ ಕೈ ಜೇಬಿಗೆ ಹಾಕಿಕೊಂಡೆ.

ರೋಲಂಡ್ ಇಳಿದು ಬಂದ. "ಅಂಬ್ರೋಸ್ ಮಾಮ, ಇದನ್ನ ನಂಗೆ ಹೇಳ್ಕೊಟ್ಟೋರು ನೀವೇ ಅಲ್ವಾ?"

"ಹೌದು. ತಪ್ಪು ಹೇಳ್ಕೊಟ್ಟೆ."

ಅಷ್ಟು ಜನರ ಮುಂದೆ ಹೇಳಿದೆ. ಮಗಳ ರೋಗ ಅಪ್ಪನಿಗೆ ಅಂಟಿತು ಎಂದು ಹ್ಯಾರಿಸನ್ ಆಮೇಲೆ ಅಂದ, ಹುಡುಗಿಯರು ಕಿಟಕಿಯಿಂದ ನನ್ನನ್ನು ಶಪಿಸಿದರು, ಅವರಲ್ಲಿ ಒಬ್ಬಳು ಅಳುತ್ತಿದ್ದಳು. ರೋಲಂಡ್ ಬಹಳ ಹೊತ್ತು ಗೊಣಗಿದ. ನಾನು ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವನೂ ಹ್ಯಾರಿಸನ್ನೂ ಹಗ್ಗ ಹಿಡಿದು ಎಳೆದರು. ಮಧ್ಯಾಹ್ನ ಕಳೆದು ಹೊರಟರು. ಆರು ಹುಡುಗಿಯರು, ಅವರ ಮೂಟೆಗಳು, ತುಂಬಿದ ವಿಮಾನ. ಗಾಳಿಚೀಲದ ಕಂಬಕ್ಕಿಂತ ಮುಂಚೆಯೇ ಎದ್ದಿತು, ನಡುಗಲೇ ಇಲ್ಲ. ಅದನ್ನು ನೋಡಿದವನು ನಾನೊಬ್ಬನೇ. ಉಳಿದವರು ನನ್ನನ್ನು ಬೈಯುತ್ತಾ ಮನೆಗೆ ಹೊರಟಿದ್ದರು. ಮೊದಲ ಪಂದ್ಯ ತಪ್ಪಿತಂತೆ.

ಉಜ್ಜಿಕೊಂಡೇ ಹೋಗಿದ್ದರೂ ತಲುಪುತ್ತಿದ್ದರೇನೋ. ನನಗೆ ಗೊತ್ತಿಲ್ಲ, ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಏನೂ ಆಗದೇ ಇದ್ದುದಕ್ಕೆ ಯಾರೂ ಬಂದು ಕೈ ಕುಲುಕುವುದಿಲ್ಲ. ನಾಲ್ಕು ದಿನದಿಂದ ಅಂಗಡಿಗೆ ಹೋದರೆ ಮಾತು ನಿಲ್ಲುತ್ತದೆ. ನೀನು ಇದನ್ನು ಇಡೀ ಚಳಿಗಾಲ ಒಬ್ಬಳೇ ಹೊತ್ತುಕೊಂಡಿದ್ದೆ, ನಾನು ಅದಕ್ಕೆ ಹೆದರಿಕೆ ಎಂದು ಹೆಸರಿಟ್ಟೆ. ನನಗೆ ತುಂಬ ಸಂಕಟವಾಗುತ್ತಿದೆ ವಿನ್ನಿ.

ಶಾಲೆಯ ಫೋನಿನಿಂದ ವರ್ಜಿಲ್‌ಗೆ ಮಾತಾಡಿದೆ. ನಮ್ಮ ಊರಿನ ಟಪಾಲು ಎಷ್ಟು ತಡವಾದರೂ ನನ್ನ ಮಗಳೇ ತರಲಿ ಎಂದೆ. ನೋಡೋಣ ಎಂದ. ಅವನ 'ನೋಡೋಣ' ನಿನಗೆ ಗೊತ್ತೇ ಇದೆ, ಅದಕ್ಕೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡ. ವಾರ ವಾರವೂ ಫೋನ್ ಮಾಡುತ್ತೇನೆ, ಅವನಿಗೇ ಬೇಸರ ಬರಲಿ.

ಯುಲಾಲಿಯಳಿಗೆ ಹೇಳು, ನನಗೆ ಅವಳ ಮೇಲೆ ಕೋಪವಿಲ್ಲ. ಅವಳಿಗೆಂದು ಎತ್ತಿಟ್ಟ ಕಂಬಳಿಯನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ಊಟ ಮುಗಿದಿದೆ, ಹಾಡು ಬಾಕಿ ಇದೆ. ಹಿರಿಯರನ್ನು ಕೇಳಿದೆ, ಯಾವಾಗ ಬಂದರೂ ಡೋಲು ತೆಗೆಯುತ್ತೇವೆ ಎಂದಿದ್ದಾರೆ. ಅವಳನ್ನು ಕರೆದುಕೊಂಡು ಬಾ. ನಿನ್ನ ವಿಮಾನವಾದರೆ ನಿನ್ನದು, ಇಲ್ಲವಾದರೆ ಇಬ್ಬರೂ ಯಾರದಾದರೂ ಚೊಕ್ಕ ರೆಕ್ಕೆಯದರಲ್ಲಿ ಕೂತು ಬನ್ನಿ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ನಾನು ಕೇಳುವುದಿಲ್ಲ. ನೀವು ಬರುವ ದಿನ ಕಾಯುತ್ತೇವೆ, ಬರಲಾಗದ ದಿನವೂ ಕಾಯುತ್ತೇವೆ, ನಾನೂ ನಿನ್ನ ಅಮ್ಮನೂ.

ಅಪ್ಪ